ಸ್ಟ್ರಾಬೆರಿ ಗಿಡ ಮಧ್ಯಾಹ್ನ ಬಾಡಿ, ಸಂಜೆ ಚೇತರಿಸಿ, ಕೊನೆಗೆ ಸಾಯುತ್ತಿದೆ: ಇದು ಯಾವ ರೋಗ?

ಪ್ರಶ್ನೆ

ನಮಸ್ಕಾರ ಸರ್. ಏರುಮಡಿಗಳ ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಸಿ, ನರ್ಸರಿಯಿಂದ ತಂದ ಸ್ಟ್ರಾಬೆರಿ ಸಸಿಗಳನ್ನು ನಾಟಿ ಮಾಡಿ ಸುಮಾರು ಒಂದೂವರೆ ತಿಂಗಳಾಗಿದೆ. ಆರಂಭದಲ್ಲಿ ಎಲ್ಲ ಗಿಡಗಳೂ ಚೆನ್ನಾಗಿಯೇ ಬೇರು ಹಿಡಿದವು. ಈಚೆಗೆ ಅಲ್ಲೊಂದು ಇಲ್ಲೊಂದು ಗಿಡದ ಎಳೆಯ ಎಲೆಗಳು ಮಧ್ಯಾಹ್ನದ ಬಿಸಿಲಿಗೆ ಜೋಲುಬೀಳುತ್ತವೆ, ಸಂಜೆಯಾದರೆ ಮತ್ತೆ ನೆಟ್ಟಗಾಗುತ್ತವೆ. ಕೆಲವು ದಿನ ಹೀಗೇ ನಡೆದು ಕೊನೆಗೊಮ್ಮೆ ಬಾಡಿದ ಗಿಡ ಮತ್ತೆ ಏಳುವುದೇ ಇಲ್ಲ. ಹನಿ ನೀರಾವರಿಯ ಕೊಳವೆಗಳನ್ನು ಪರೀಕ್ಷಿಸಿದ್ದೇನೆ, ಎಲ್ಲೂ ಕಟ್ಟಿಕೊಂಡಿಲ್ಲ, ಮಣ್ಣಿನಲ್ಲಿ ತೇವವೂ ಇದೆ. ಯಾವ ಔಷಧಿ ಸಿಂಪಡಿಸಬೇಕು ಎಂದು ದಯವಿಟ್ಟು ತಿಳಿಸಿ.

ಉತ್ತರ (ಸಸ್ಯರೋಗ ತಜ್ಞರು)

ನಮಸ್ಕಾರ. ಔಷಧಿಯ ಹೆಸರು ಹೇಳುವ ಮೊದಲು ರೋಗ ಯಾವುದೆಂದು ಗೊತ್ತಾಗಬೇಕು, ಅದಕ್ಕಾಗಿ ನೀವು ಒಂದೆರಡು ಗಿಡಗಳನ್ನು ಕೊಯ್ದು ನೋಡಲೇಬೇಕು. ಸ್ಟ್ರಾಬೆರಿ ಗಿಡ ಬಾಡಿ ಸಾಯುವುದಕ್ಕೆ ಕನಿಷ್ಠ ನಾಲ್ಕೈದು ರೋಗಗಳು ಕಾರಣವಾಗಬಲ್ಲವು. ಹೊರಗಿನಿಂದ ಇವೆಲ್ಲವೂ ಬಹುಮಟ್ಟಿಗೆ ಒಂದೇ ರೀತಿ ಕಂಡರೂ ಅವುಗಳಿಗೆ ಬೇಕಾದ ಕ್ರಮಗಳು ಮಾತ್ರ ಒಂದೇ ಅಲ್ಲ.

ಪೂರ್ತಿ ಸತ್ತ ಗಿಡವನ್ನು ಆರಿಸಬೇಡಿ, ಏಕೆಂದರೆ ಸತ್ತ ಭಾಗದಲ್ಲಿ ರೋಗಕ್ಕೆ ಸಂಬಂಧವೇ ಇಲ್ಲದ ಕೊಳೆತಿನಿ ಶಿಲೀಂಧ್ರಗಳು ಆಗಲೇ ಮನೆಮಾಡಿರುತ್ತವೆ. ಬಾಡಲು ಇದೀಗ ತೊಡಗಿರುವ ಗಿಡವೊಂದನ್ನು, ಎಳೆದು ಕೀಳದೆ, ಸುತ್ತಲಿನ ಮಣ್ಣಿನ ಸಮೇತ ಅಗೆದು ತೆಗೆದು, ಬೇರನ್ನು ನೀರಿನಲ್ಲಿ ತೊಳೆಯಿರಿ. ಬೇರಿಗೂ ಎಲೆಗಳಿಗೂ ನಡುವೆ ಇರುವ ಗಿಡ್ಡನೆಯ ದಪ್ಪ ಕಾಂಡವನ್ನು, ಅಂದರೆ ಕ್ರೌನ್ ಎನ್ನುವ ಭಾಗವನ್ನು, ಹರಿತವಾದ ಚಾಕುವಿನಿಂದ ಸುಳಿಯಿಂದ ಬುಡದವರೆಗೆ ಉದ್ದಕ್ಕೆ ಸೀಳಿ, ಕೂಡಲೇ ಗಮನಿಸಿ. ಗಾಳಿ ತಾಗಿದರೆ ಆರೋಗ್ಯವಂತ ಭಾಗವೂ ಸ್ವಲ್ಪ ಹೊತ್ತಿನಲ್ಲಿ ಕಂದುತ್ತದೆ. ಹೋಲಿಸಿ ನೋಡಲು ಚೆನ್ನಾಗಿರುವ ಗಿಡವೊಂದನ್ನೂ ಹೀಗೆಯೇ ಸೀಳಿ ಪಕ್ಕದಲ್ಲಿಟ್ಟುಕೊಳ್ಳಿ. ಒಳಗಿನ ಬಣ್ಣ, ಆ ಭಾಗ ಗಟ್ಟಿಯಾಗಿದೆಯೋ ಮೆತ್ತಗಾಗಿದೆಯೋ, ಬೇರುಗಳ ಸ್ಥಿತಿ ಹೇಗಿದೆ, ಎಲೆತೊಟ್ಟು ಮತ್ತು ಹಂಬುಗಳ ಮೇಲೆ ಕಲೆಗಳಿವೆಯೇ ಎಂಬುದನ್ನು ತಿಳಿಸಿ. ಅಲ್ಲಿಯವರೆಗೆ ಯಾವುದನ್ನೂ ಸಿಂಪಡಿಸಬೇಡಿ.

ಅದೇ ಸದಸ್ಯರು

ನೀವು ಹೇಳಿದಂತೆ ಮಾಡಿದೆ ಸರ್. ಬೇರುಗಳು ಬೆಳ್ಳಗೆ, ಚೆನ್ನಾಗಿಯೇ ಇವೆ. ಕ್ರೌನ್ ಒಳಗೆ ಕೆಂಪು ಮಿಶ್ರಿತ ಕಂದು ಬಣ್ಣದ ಗೆರೆಗಳು ಮೇಲಿನಿಂದ ಕೆಳಕ್ಕೆ ಹರಡಿವೆ, ನಡುನಡುವೆ ಬಿಳಿ ಭಾಗ ಉಳಿದಿದೆ. ಒತ್ತಿದರೆ ಗಟ್ಟಿಯಾಗಿದೆ, ಕೊಳೆತ ವಾಸನೆಯಿಲ್ಲ. ಅಕ್ಕಪಕ್ಕದ ಗಿಡಗಳ ಎಲೆತೊಟ್ಟುಗಳ ಮೇಲೆ ತಗ್ಗಾದ ಉದ್ದನೆಯ ಕಪ್ಪು ಕಲೆಗಳನ್ನೂ ಕಂಡೆ. ಒಂದು ಹಂಬಿನಲ್ಲಿ ಇಂಥ ಕಲೆ ಸುತ್ತಲೂ ಆವರಿಸಿ, ಅಲ್ಲಿಂದ ಮುಂದಿನ ಭಾಗ ಒಣಗಿದೆ.

ಉತ್ತರ

ನೀವು ವಿವರಿಸಿದ ಲಕ್ಷಣಗಳು ಚಿಬ್ಬು ರೋಗದಿಂದ ಬರುವ ಕ್ರೌನ್ ಕೊಳೆಯತ್ತ ಬೊಟ್ಟು ಮಾಡುತ್ತವೆ. ಮಾವು, ಮೆಣಸಿನಕಾಯಿಗಳಲ್ಲಿ ಚಿಬ್ಬು ರೋಗ ತರುವ ಕೊಲೆಟೋಟ್ರೈಕಮ್ ಎಂಬ ಶಿಲೀಂಧ್ರ ಕುಲವೇ ಇಲ್ಲಿಯೂ ಕಾರಣ. ಸ್ಟ್ರಾಬೆರಿಯಲ್ಲಿ ಇದನ್ನು ಮೊದಲು ವಿವರಿಸಿದ್ದು ಅಮೆರಿಕದ ಫ್ಲೋರಿಡಾದಲ್ಲಿ, 1931ರಲ್ಲಿ; ಅಂದು ಇದಕ್ಕೆ ಕೊಲೆಟೋಟ್ರೈಕಮ್ ಫ್ರಗೇರಿಯೆ ಎಂದು ಹೆಸರಿಡಲಾಯಿತು. ಕ್ರೌನ್ ಕೊಳೆಯನ್ನು ಹೆಚ್ಚಾಗಿ ಗ್ಲಿಯೋಸ್ಪೊರಿಯಾಯ್ಡಿಸ್ ಗುಂಪಿನ ಪ್ರಭೇದಗಳೂ, ಹಣ್ಣಿನ ಕಪ್ಪು ಚುಕ್ಕೆಯನ್ನು ಹೆಚ್ಚಾಗಿ ಅಕ್ಯುಟೇಟಮ್ ಗುಂಪಿನ ಪ್ರಭೇದಗಳೂ ಉಂಟುಮಾಡುತ್ತವೆ.

ಉಳಿದ ರೋಗಗಳನ್ನು ಏಕೆ ಬದಿಗಿಟ್ಟೆ ಎಂಬುದನ್ನೂ ಹೇಳಬೇಕು. ವರ್ಟಿಸಿಲಿಯಮ್ ಸೊರಗು ರೋಗವಾಗಿದ್ದರೆ ಮೊದಲು ಹೊರಸುತ್ತಿನ ಹಳೆಯ ಎಲೆಗಳು ಅಂಚಿನಿಂದ ಒಣಗುತ್ತವೆ, ಒಳಗಿನ ಎಳೆಯ ಎಲೆಗಳು ಕುಬ್ಜವಾಗಿದ್ದರೂ ಹಸಿರಾಗಿಯೇ ಉಳಿಯುತ್ತವೆ. ನಿಮ್ಮಲ್ಲಿ ಮೊದಲು ಬಾಡುತ್ತಿರುವುದು ಎಳೆಯ ಎಲೆಗಳು. ಮ್ಯಾಕ್ರೊಫೊಮಿನಾದಿಂದ ಬರುವ ಇದ್ದಿಲು ಕೊಳೆಯೂ ಹಳೆಯ ಎಲೆಗಳಿಂದಲೇ ತೊಡಗುತ್ತದೆ, ಬಿಸಿಲು ಮತ್ತು ನೀರಿನ ಕೊರತೆಯಿದ್ದಾಗ ಉಲ್ಬಣಿಸುತ್ತದೆ. ಫೈಟಾಫ್ತೊರಾ ಫ್ರಗೇರಿಯೆ ತರುವ ಬೇರು ರೋಗದಲ್ಲಿ ಕವಲು ಬೇರುಗಳೆಲ್ಲ ಕೊಳೆತು ಉದುರಿ, ಉಳಿದ ಬೇರು ಇಲಿಯ ಬಾಲದಂತೆ ಬೋಳಾಗುತ್ತದೆ ಮತ್ತು ಅದರ ಸಿಪ್ಪೆ ಕೆರೆದರೆ ನಡುವಿನ ದಿಂಡು ಕೆಂಪಾಗಿ ಕಾಣುತ್ತದೆ. ನಿಮ್ಮ ಗಿಡಗಳ ಬೇರು ಬೆಳ್ಳಗಿದೆ. ಎಚ್ಚರಿಕೆ ಬೇಕಾದದ್ದು ಫೈಟಾಫ್ತೊರಾ ಕ್ಯಾಕ್ಟೊರಮ್ ತರುವ ಕ್ರೌನ್ ಕೊಳೆಯ ವಿಷಯದಲ್ಲಿ. ಅದರಲ್ಲಿಯೂ ಎಳೆಯ ಎಲೆಗಳೇ ಮೊದಲು ಬಾಡುತ್ತವೆ, ಕ್ರೌನ್ ಕಂದು ಬಣ್ಣಕ್ಕೆ ತಿರುಗುತ್ತದೆ; ಆದರೆ ಒಳಗಿನ ಅಂಗಾಂಶ ಶಿಥಿಲವಾಗಿ, ಎಳೆದರೆ ಕ್ರೌನ್ ಮೇಲ್ಭಾಗದಲ್ಲಿ ಮುರಿದು ಕೈಗೆ ಬರುವುದುಂಟು. ಫೈಟಾಫ್ತೊರಾ ನಿಜವಾದ ಶಿಲೀಂಧ್ರವೇ ಅಲ್ಲದ ಕಾರಣ ಅದಕ್ಕೆ ಬಳಸುವ ಮೆಟಲಾಕ್ಸಿಲ್‌ನಂಥ ಔಷಧಿಗಳು ಚಿಬ್ಬು ರೋಗದ ಮೇಲೆ ಕೆಲಸ ಮಾಡುವುದಿಲ್ಲ. ಹೀಗಾಗಿ ಸಾಧ್ಯವಿದ್ದರೆ ಒಂದೆರಡು ಗಿಡಗಳನ್ನು ಸಸ್ಯರೋಗ ಪ್ರಯೋಗಾಲಯಕ್ಕೆ ಕಳುಹಿಸಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಗಿಡವನ್ನು ಕಾಗದದಲ್ಲಿ ಸುತ್ತಿ, ತಂಪಾಗಿಟ್ಟು ಕಳುಹಿಸಿ. ನೀರು ಚಿಮುಕಿಸಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದರೆ ದಾರಿಯಲ್ಲೇ ಕೊಳೆತುಹೋಗುತ್ತದೆ.

ಇನ್ನು ರೋಗ ಎಲ್ಲಿಂದ ಬಂತೆಂಬ ಪ್ರಶ್ನೆ. ಬಹುಪಾಲು ಸಂದರ್ಭಗಳಲ್ಲಿ ಇದು ಸಸಿಯ ಜೊತೆಯಲ್ಲಿಯೇ ಬರುತ್ತದೆ. ಈ ಶಿಲೀಂಧ್ರ ಯಾವ ಲಕ್ಷಣವನ್ನೂ ತೋರದೆ ಎಲೆ ಮತ್ತು ತೊಟ್ಟುಗಳಲ್ಲಿ ವಾರಗಟ್ಟಲೆ ಸುಪ್ತವಾಗಿರಬಲ್ಲದು. ಆಮೇಲೆ ಬೆಚ್ಚಗಿನ, ಒದ್ದೆ ವಾತಾವರಣ ಸಿಕ್ಕಿದಾಗ ಬೀಜಾಣುಗಳನ್ನು ಬಿಡುತ್ತದೆ, ಆ ಬೀಜಾಣುಗಳು ನೀರಿನೊಡನೆ ಸುಳಿಗಿಳಿದು ಕ್ರೌನ್ ಪ್ರವೇಶಿಸುತ್ತವೆ. 25ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇದಕ್ಕೆ ಬಹಳ ಹಿತ. ಬೂದಿ ರೋಗದ ಬೀಜಾಣುಗಳಂತೆ ಇವು ಒಣ ಗಾಳಿಯಲ್ಲಿ ತೇಲಿಹೋಗುವುದಿಲ್ಲ. ಅಂಟು ಲೋಳೆಯಲ್ಲಿ ಸಿಕ್ಕಿಕೊಂಡಿರುವ ಇವುಗಳನ್ನು ಬಿಡಿಸಲು ನೀರು ಬೇಕು. ಮಳೆಹನಿಯೋ ತುಂತುರು ನೀರಾವರಿಯ ಹನಿಯೋ ಬಿದ್ದು ಸಿಡಿದಾಗ ಪಕ್ಕದ ಗಿಡಕ್ಕೆ ಹಾರುತ್ತವೆ. ಒದ್ದೆ ಗಿಡಗಳ ನಡುವೆ ಓಡಾಡುವ ಕೆಲಸಗಾರರ ಕೈ, ಬಟ್ಟೆ, ಕತ್ತರಿಗಳಿಗೆ ಅಂಟಿಕೊಂಡೂ ಸಾಗುತ್ತವೆ.

ಆದ್ದರಿಂದ ಈಗ ಮಾಡಬೇಕಾದದ್ದು ಇಷ್ಟು. ಕ್ರೌನ್ ಒಳಗೆ ರೋಗ ಇಳಿದ ಗಿಡವನ್ನು ಯಾವ ಔಷಧಿಯೂ ಉಳಿಸುವುದಿಲ್ಲ. ಅಂಥ ಗಿಡಗಳನ್ನು ಎಲೆ, ಹಂಬು, ಬೇರು ಸಮೇತ ಕಿತ್ತು, ಅಲ್ಲಿಯೇ ಚೀಲಕ್ಕೆ ತುಂಬಿ ತೋಟದಿಂದ ಹೊರಗೆ ಸಾಗಿಸಿ. ಎಲೆ ಒಣಗಿರುವ ಹೊತ್ತಿನಲ್ಲಿ ಮಾತ್ರ ಈ ಕೆಲಸ ಮಾಡಿ, ಮೊದಲು ಆರೋಗ್ಯವಂತ ಸಾಲುಗಳ ಕೆಲಸ ಮುಗಿಸಿ ಕೊನೆಯಲ್ಲಿ ರೋಗದ ಸಾಲಿಗೆ ಹೋಗಿ. ತುಂತುರು ನೀರು ಕೊಡುತ್ತಿದ್ದರೆ ನಿಲ್ಲಿಸಿ. ಸಾರಜನಕ ಗೊಬ್ಬರವನ್ನು, ಅದರಲ್ಲಿಯೂ ಅಮೋನಿಯಂ ರೂಪದ್ದನ್ನು, ಕಡಿಮೆ ಮಾಡಿ; ಸೊಂಪಾಗಿ ಬೆಳೆದ ಮೆತ್ತನೆಯ ಗಿಡದಲ್ಲಿ ಈ ರೋಗ ಹೆಚ್ಚು ತೀವ್ರವಾಗುತ್ತದೆ. ಪ್ಲಾಸ್ಟಿಕ್ ಹೊದಿಕೆಯ ಮೇಲೆ ಬಿದ್ದ ಹನಿ ಹುಲ್ಲಿನ ಹೊದಿಕೆಯ ಮೇಲೆ ಬಿದ್ದದ್ದಕ್ಕಿಂತ ಹೆಚ್ಚು ದೂರ ಸಿಡಿಯುತ್ತದೆ, ಹಾಗಾಗಿ ಸಾಲುಗಳ ನಡುವಿನ ಖಾಲಿ ಜಾಗದಲ್ಲಾದರೂ ಒಣಹುಲ್ಲು ಹರಡುವುದು ಉಪಯುಕ್ತ.

ಮತ್ತೊಬ್ಬ ಸದಸ್ಯರು

ಮೇಡಂ ಒಬ್ಬರು ನಮಗೆ ಟ್ರೈಕೋಡರ್ಮಾ ಹಾಕಿದರೆ ಸಾಕು ಎಂದು ಹೇಳಿದ್ದರು. ಅದು ಆಗದಿದ್ದರೆ ಅಝಾಕ್ಸಿಸ್ಟ್ರೋಬಿನ್ ಅನ್ನು ವಾರಕ್ಕೊಮ್ಮೆ ಸಿಂಪಡಿಸಬಹುದೇ ಸರ್?

ಉತ್ತರ

ಟ್ರೈಕೋಡರ್ಮಾ ಮಣ್ಣಿನಲ್ಲಿ, ಬೇರಿನ ಸುತ್ತ ಕೆಲಸ ಮಾಡುವ ಜೀವಿ. ಈ ರೋಗವಾದರೋ ಮೇಲಿನಿಂದ, ಸುಳಿಯ ಮೂಲಕ ಇಳಿಯುತ್ತದೆ. ಹಾಕಿದರೆ ಹಾನಿಯಿಲ್ಲ, ಆದರೆ ಅದೊಂದನ್ನೇ ನಂಬಿ ಕೂರುವುದನ್ನು ನಾನು ಒಪ್ಪುವುದಿಲ್ಲ.

ಅಝಾಕ್ಸಿಸ್ಟ್ರೋಬಿನ್ ವಿಷಯ ಸ್ವಲ್ಪ ಗಂಭೀರವಾದದ್ದು. ಅದೂ ಪೈರಾಕ್ಲೋಸ್ಟ್ರೋಬಿನ್ನೂ ಒಂದೇ ಗುಂಪಿಗೆ, ಅಂದರೆ ಲೇಬಲ್ ಮೇಲೆ 11 ಎಂಬ ಸಂಖ್ಯೆಯಿರುವ ಗುಂಪಿಗೆ ಸೇರಿದವು. ಈ ಗುಂಪಿನ ಔಷಧಿಗಳು ಶಿಲೀಂಧ್ರದ ಒಂದೇ ಒಂದು ಜಾಗಕ್ಕೆ ಹೊಡೆಯುವುದರಿಂದ, ಅಲ್ಲಿ ಸಣ್ಣ ಬದಲಾವಣೆಯಾದರೂ ಶಿಲೀಂಧ್ರ ನಿರೋಧಕತೆ ಪಡೆದುಬಿಡುತ್ತದೆ. ಸ್ಟ್ರಾಬೆರಿ ಬೆಳೆಯುವ ಹಲವು ಪ್ರದೇಶಗಳಲ್ಲಿ ಇಂಥ ನಿರೋಧಕ ತಳಿಗಳು ಆಗಲೇ ಕಂಡುಬಂದಿವೆ. ಅದನ್ನೇ ವಾರವಾರವೂ ಹೊಡೆಯುವುದೆಂದರೆ ನಿರೋಧಕ ತಳಿಗಳನ್ನೇ ಆರಿಸಿ ಬೆಳೆಸಿದಂತಾಗುತ್ತದೆ. ಕಾರ್ಬೆಂಡಜಿಮ್ ಕೂಡ ಎಲ್ಲ ಕಡೆ ಭರವಸೆಯದ್ದಲ್ಲ, ಏಕೆಂದರೆ ಅಕ್ಯುಟೇಟಮ್ ಗುಂಪಿನ ಪ್ರಭೇದಗಳು ಸಹಜವಾಗಿಯೇ ಅದಕ್ಕೆ ಅಷ್ಟಾಗಿ ಜಗ್ಗುವುದಿಲ್ಲ. ಕ್ಯಾಪ್ಟಾನ್‌ನಂತೆ ಹಲವು ಜಾಗಗಳಿಗೆ ಒಟ್ಟಿಗೆ ಹೊಡೆಯುವ ಔಷಧಿ ರಕ್ಷಣೆಗೆ ಆಧಾರವಾಗಿರಬೇಕು, ಅದನ್ನು ಮಳೆ ಬೀಳುವ ಮುನ್ನ ಸಿಂಪಡಿಸಬೇಕು, ದ್ರಾವಣ ಸುಳಿಯೊಳಕ್ಕೆ ಇಳಿಯುವಂತೆ ನೋಡಿಕೊಳ್ಳಬೇಕು. ಉಳಿದ ಗುಂಪುಗಳ ಔಷಧಿಗಳನ್ನು ಅಪಾಯದ ದಿನಗಳಿಗೆ ಮಾತ್ರ ಸರದಿಯ ಮೇಲೆ ಮೀಸಲಿಡಬೇಕು. ಯಾವ ಔಷಧಿಗೆ ಸ್ಟ್ರಾಬೆರಿಯಲ್ಲಿ ಅನುಮತಿಯಿದೆ ಎಂಬುದು ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ, ಆದ್ದರಿಂದ ಪ್ರಮಾಣವನ್ನೂ ಸಿಂಪಡಣೆಗೂ ಕಟಾವಿಗೂ ನಡುವೆ ಇರಬೇಕಾದ ಅಂತರವನ್ನೂ ಲೇಬಲ್ ನೋಡಿಯೇ ಪಾಲಿಸಿ.

ಇನ್ನೊಬ್ಬ ಸದಸ್ಯರು

ನಮ್ಮಲ್ಲಿ ಗಿಡ ಸಾಯುತ್ತಿಲ್ಲ, ಆದರೆ ಹಣ್ಣಿನ ಮೇಲೆ ದುಂಡಗಿನ ಕಪ್ಪು ಗುಳಿಗಳು ಬೀಳುತ್ತಿವೆ. ಇದೂ ಅದೇ ರೋಗವೇ?

ಉತ್ತರ

ಗುಳಿಯ ನಡುವೆ ತೇವವಿರುವಾಗ ನಸುಗೆಂಪು ಅಥವಾ ಕಿತ್ತಳೆ ಬಣ್ಣದ ಅಂಟು ಪದಾರ್ಥ ಕಂಡರೆ ಹೌದು. ಅದು ಬೀಜಾಣುಗಳ ರಾಶಿ. ಬೂದು ಬಣ್ಣದ ನವಿರಾದ ಬೂಷ್ಟು ಕಂಡರೆ ಅದು ಬೋಟ್ರೈಟಿಸ್, ಬೇರೆ ರೋಗ. ಗುಳಿ ಬಿದ್ದ ಹಣ್ಣುಗಳನ್ನು ಸಾಲಿನಲ್ಲೇ ಬಿಸಾಡದೆ ಬೇರೆ ಬುಟ್ಟಿಗೆ ಹಾಕಿ ಹೊರಗೆ ಒಯ್ಯಿರಿ.

ಮೊದಲ ಸದಸ್ಯರು

ಬಹಳ ಉಪಕಾರವಾಯಿತು ಸರ್. ಎರಡು ಸಂದೇಹಗಳು ಉಳಿದಿವೆ. ಚೆನ್ನಾಗಿರುವ ಗಿಡಗಳ ಹಂಬಿನಿಂದ ಮುಂದಿನ ವರ್ಷಕ್ಕೆ ಸಸಿ ಮಾಡಿಕೊಳ್ಳಬಹುದೇ? ಹೊಸ ಸಸಿ ತಂದರೆ ಅದರಲ್ಲಿ ರೋಗವಿಲ್ಲ ಎಂದು ತಿಳಿಯುವುದು ಹೇಗೆ?

ಉತ್ತರ

ಈ ತೋಟದ ಹಂಬುಗಳಿಂದ ಸಸಿ ಮಾಡಿಕೊಳ್ಳಲೇಬೇಡಿ, ಗಿಡ ಎಷ್ಟೇ ಚೆನ್ನಾಗಿ ಕಂಡರೂ ಸರಿ. ಸುಪ್ತ ಸೋಂಕು ಕಣ್ಣಿಗೆ ಕಾಣುವುದಿಲ್ಲ ಎನ್ನುವುದೇ ಇಲ್ಲಿನ ತೊಡಕು.

ಸಸಿಗಳನ್ನು ಪರೀಕ್ಷಿಸುವ ಸರಳ ವಿಧಾನವೊಂದಿದೆ. ತಂದ ಸಸಿಗಳಿಂದ ಒಂದಷ್ಟು ಹಳೆಯ ಎಲೆತೊಟ್ಟುಗಳನ್ನು ಆರಿಸಿ, ದುರ್ಬಲ ಬ್ಲೀಚ್ ದ್ರಾವಣದಲ್ಲಿ ಅದ್ದಿ, ಶುದ್ಧ ನೀರಿನಲ್ಲಿ ತೊಳೆದು, ಒಂದು ರಾತ್ರಿ ಫ್ರೀಜರಿನಲ್ಲಿಡಿ. ಹೆಪ್ಪುಗಟ್ಟಿದಾಗ ಗಿಡದ ಜೀವಕೋಶಗಳು ಸಾಯುತ್ತವೆ, ಒಳಗೆ ಅಡಗಿದ್ದ ಶಿಲೀಂಧ್ರಕ್ಕೆ ತಡೆಯಿಲ್ಲದಂತಾಗುತ್ತದೆ. ಮರುದಿನ ಅವನ್ನು ಒದ್ದೆ ಕಾಗದ ಹಾಸಿದ ಮುಚ್ಚಿದ ಡಬ್ಬಿಯಲ್ಲಿ, ಸುಮಾರು 25 ಡಿಗ್ರಿ ಉಷ್ಣತೆಯಲ್ಲಿ ಒಂದು ವಾರ ಇಟ್ಟರೆ, ಸೋಂಕಿದ್ದ ತೊಟ್ಟಿನ ಮೇಲೆ ನಸುಗೆಂಪು ಬಣ್ಣದ ಸಣ್ಣ ಚುಕ್ಕೆಗಳು ಮೂಡುತ್ತವೆ. ಬೇರೆ ಬೂಷ್ಟುಗಳೂ ಬೆಳೆಯುವುದರಿಂದ ಸೂಕ್ಷ್ಮದರ್ಶಕದಲ್ಲಿ ಖಚಿತಪಡಿಸಿಕೊಳ್ಳಬೇಕು. ಏನೂ ಮೂಡದಿದ್ದರೆ ಆ ತೊಟ್ಟುಗಳ ಮಟ್ಟಿಗೆ ಸಮಾಧಾನ, ಇಡೀ ಕಂತಿಗೆ ಅದೇ ಖಾತರಿಯಲ್ಲ. ಅಂಗಾಂಶ ಕೃಷಿಯ ಸಸಿ ಎಂಬ ಮಾತಿಗೂ ಇದೇ ಮಿತಿಯಿದೆ. ತಾಯಿಗಿಡ ಪ್ರಯೋಗಾಲಯದಿಂದ ಶುದ್ಧವಾಗಿಯೇ ಬಂದಿದ್ದರೂ ಬಯಲು ನರ್ಸರಿಯಲ್ಲಿ ಹಂಬು ಬಿಡುವಾಗ ಸೋಂಕು ತಗಲಬಹುದು, ಆದ್ದರಿಂದ ಹಂಬು ಬಿಡಿಸಿದ್ದು ಎಲ್ಲಿ, ತುಂತುರು ನೀರಿನಲ್ಲಿಯೋ ಹನಿ ನೀರಿನಲ್ಲಿಯೋ ಎಂದು ನರ್ಸರಿಯವರನ್ನು ವಿಚಾರಿಸಿ. ಕೆಲವು ಕಡೆ ಸಸಿಗಳನ್ನು ಹಬೆ ಬೆರೆತ ಗಾಳಿಯ ಕೋಣೆಯಲ್ಲಿ 44 ಡಿಗ್ರಿ ಉಷ್ಣತೆಗೆ 4 ಗಂಟೆ ಒಡ್ಡಿ ಸೋಂಕು ತಗ್ಗಿಸುವ ಕ್ರಮವೂ ಇದೆ, ಆದರೆ ಅದಕ್ಕೆ ಉಷ್ಣತೆಯನ್ನು ಕರಾರುವಾಕ್ಕಾಗಿ ಹಿಡಿದಿಡುವ ಯಂತ್ರ ಬೇಕು. ಬಿಸಿನೀರಿನ ಪಾತ್ರೆಯಲ್ಲಿ ಅದ್ದಿ ಪ್ರಯತ್ನಿಸಿದರೆ ಸಸಿಯೇ ಬೆಂದುಹೋದೀತು. ತಳಿಯ ಆಯ್ಕೆಯಲ್ಲಿ ಚಾಂಡ್ಲರ್ ಮತ್ತು ಕಮರೋಸಾ ಈ ರೋಗಕ್ಕೆ ಸುಲಭವಾಗಿ ತುತ್ತಾಗುತ್ತವೆ ಎಂಬುದು ನೆನಪಿರಲಿ. ಸ್ವೀಟ್ ಚಾರ್ಲಿ ಹಣ್ಣಿನ ಚಿಬ್ಬು ರೋಗವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ.

ಅದೇ ಸದಸ್ಯರು

ಈ ಮಡಿಗಳಲ್ಲಿ ಮುಂದೆ ಏನು ಬೆಳೆಯಬಹುದು ಸರ್?

ಉತ್ತರ

ವರ್ಟಿಸಿಲಿಯಮ್ ಮಣ್ಣಿನಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಬಲ್ಲದು, ಆದರೆ ಈ ಶಿಲೀಂಧ್ರಕ್ಕೆ ಆ ಶಕ್ತಿಯಿಲ್ಲ. ಗಿಡದ ಉಳಿಕೆಗಳು ಪೂರ್ತಿ ಕೊಳೆತು ಮಣ್ಣಾದಂತೆ ಅದೂ ನಶಿಸುತ್ತದೆ. ಹಂಗಾಮು ಮುಗಿದ ಮೇಲೆ ಹಳೆಯ ಗಿಡಗಳನ್ನೂ ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆದು, ಉಳಿಕೆಗಳು ಮಣ್ಣಿನಡಿ ಹೋಗುವಂತೆ ಆಳವಾಗಿ ಉಳುಮೆ ಮಾಡಿ, ಜೋಳದಂಥ ಏಕದಳ ಧಾನ್ಯ ಬೆಳೆಯುವುದು ಸೂಕ್ತ. ಮೆಣಸಿನಕಾಯಿ, ಟೊಮ್ಯಾಟೊಗಳಿಗೂ ಇದೇ ಕುಲದ ಶಿಲೀಂಧ್ರಗಳು ತಗಲುವುದರಿಂದ ಅವು ಬೇಡ. ತಾನಾಗಿ ಚಿಗುರುವ ಸ್ಟ್ರಾಬೆರಿ ಗಿಡಗಳನ್ನೂ ಮಡಿಯ ಅಂಚಿನ ಕಳೆಯನ್ನೂ ಆಗಾಗ ಕಿತ್ತುಹಾಕುತ್ತಿರಿ, ಏಕೆಂದರೆ ಕೆಲವು ಕಳೆಗಿಡಗಳಲ್ಲಿ ಶಿಲೀಂಧ್ರ ಲಕ್ಷಣ ತೋರದೆ ಉಳಿದುಕೊಳ್ಳುತ್ತದೆ.