ಅತ್ತಿಗೆ, ಆ ಕುಂಡ ಖಾಲಿ ಮಾಡಬೇಡಿ

ಅತ್ತಿಗೆ, ನಿಮ್ಮ ಮೆಸೇಜ್ ಈಗ ನೋಡಿದೆ. ಬಲೂನ್ ಹೂವಿನ ಗಿಡ ಪೂರ್ತಿ ಒಣಗಿದೆ, ಆ ಕುಂಡಕ್ಕೆ ಸೇವಂತಿಗೆ ಹಾಕಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಚಳಿಗಾಲದಲ್ಲಿ ಅದು ಒಣಗುವುದೇ ಹಾಗೆ. ಮೇಲಿನ ಕಡ್ಡಿ ಹೋಗುತ್ತದೆ, ಬೇರು ಮಣ್ಣೊಳಗೆ ಮಲಗಿರುತ್ತದೆ.

ನಾನು ಮೊದಲ ವರ್ಷ ಇದೇ ತಪ್ಪು ಮಾಡಿದೆ. ಸತ್ತೇ ಹೋಯ್ತು ಅಂದುಕೊಂಡು ಕುಂಡ ಬೋರಲು ಹಾಕಿ ಹೆಂಟೆಯನ್ನು ಕತ್ತಿಯಲ್ಲಿ ಒಡೆದೆ. ಒಳಗೆ ಸಣ್ಣ ಮೂಲಂಗಿಯಂತಹ ಬೆಳ್ಳಗಿನ ಬೇರು, ಎರಡು ತುಂಡಾಗಿತ್ತು. ತುಂಡಾದ ಕಡೆ ಹಾಲು ಒಸರುತ್ತಿತ್ತು. ತಕ್ಷಣ ಮಣ್ಣಿಗೆ ಹಾಕಿದೆ, ಉಳಿಯಲಿಲ್ಲ. ಈಗಲೂ ನೆನೆದರೆ ಬೇಜಾರಾಗುತ್ತದೆ.

ನೀವು ಬೆರಳಲ್ಲಿ ಮೇಲಿನ ಮಣ್ಣು ಸ್ವಲ್ಪ ಸರಿಸಿ ಬೇರನ್ನು ಒತ್ತಿ ನೋಡಿ. ಗಟ್ಟಿ ಇದ್ದರೆ ಜೀವ ಇದೆ. ಮೆತ್ತಗಾಗಿ ವಾಸನೆ ಬಂದರೆ ಮಾತ್ರ ಕೊಳೆತಿದೆ ಅಂತ ಅರ್ಥ. ಡೇರೆ ಹೂವಿನ (ಡೇಲಿಯಾ) ಗೆಡ್ಡೆಯನ್ನು ಕಿತ್ತು ತೆಗೆದಿಡುತ್ತೇವೆ ಅಲ್ವಾ, ಇದಕ್ಕೆ ಹಾಗೆ ಮಾಡಬಾರದು. ಬೇರು ನೇರ ಆಳಕ್ಕೆ ಇಳಿದಿರುತ್ತದೆ, ಜಾಗ ಬದಲಿಸಿದರೆ ಮುನಿಸಿಕೊಳ್ಳುತ್ತದೆ. ಒಣ ಕಡ್ಡಿ ಕತ್ತರಿಸಿ, ಗುರುತಿಗೆ ಒಂದು ಕೋಲು ಚುಚ್ಚಿಡಿ. ಮಣ್ಣು ಪೂರ್ತಿ ಒಣಗಿದಾಗ ಒಂದು ಲೋಟ ನೀರು ಸಾಕು. ಚಿಗುರು ಬರುವುದು ನಿಧಾನ. ನಮ್ಮ ತೀರ್ಥಹಳ್ಳಿ ಮನೆಯಲ್ಲಿ ಹೋದ ವರ್ಷ ಯುಗಾದಿ ಹತ್ತಿರ ಬಂದ ಮೇಲೆಯೇ ಮೂತಿ ತೋರಿಸಿದ್ದು.

ಇದು ಚೀನಾ, ಕೊರಿಯಾ, ಜಪಾನ್ ಕಡೆಯ ಗಿಡ. ಚಳಿಗೆ ಹೆದರುವುದಿಲ್ಲ. ಕೊರಿಯಾದಲ್ಲಿ ಇದರ ಬೇರಿಗೆ ದೊರಾಜಿ ಅನ್ನುತ್ತಾರೆ. ಸಿಗಿದು, ಉಪ್ಪು ಹಾಕಿ ತಿಕ್ಕಿ, ಕಹಿ ತೆಗೆದು ಪಲ್ಯ ಮಾಡುತ್ತಾರಂತೆ. ನಮ್ಮ ಕೆಸುವಿನ ಹಾಗೆ, ಅವರಿಗೂ ಪಳಗಿಸಿ ತಿನ್ನುವುದು ಗೊತ್ತು ನೋಡಿ!

ನಮ್ಮಲ್ಲಿ ಇದಕ್ಕೆ ನಿಜವಾದ ಕಷ್ಟ ಮಳೆಗಾಲ. ಜೂನ್‌ನಿಂದ ಹಿಡಿದ ಜಡಿಮಳೆಗೆ ಬೇರು ನೀರಲ್ಲಿ ನಿಂತರೆ ಮುಗಿಯಿತು. ಅದಕ್ಕೇ ನಾನು ನೆಲದಲ್ಲಿ ನೆಡದೆ ಆಳದ ಕುಂಡದಲ್ಲಿಟ್ಟಿದ್ದೇನೆ. ಕೆಂಪು ಮಣ್ಣು, ಹೊಳೆ ಮರಳು, ಹಳೇ ಕೊಟ್ಟಿಗೆ ಗೊಬ್ಬರ ಸಮ ಸಮ. ಕೆಳಗೆ ತಟ್ಟೆ ಇಡಬೇಡಿ. ಮಳೆ ಶುರುವಾದರೆ ಜಗಲಿ ತುದಿಗೆ ತನ್ನಿ, ಆದರೆ ಹಂಚಿನ ನೀರು ಬೀಳುವ ಸಾಲಿಗೆ ಬೇಡ. ಬೆಳಗಿನ ಬಿಸಿಲು ಬೇಕು, ಮಾರ್ಚ್-ಏಪ್ರಿಲ್‌ನ ಮಧ್ಯಾಹ್ನದ ಬಿಸಿಲು ಬೇಡ. ಎಳೆ ಚಿಗುರಿಗೆ ಬಸವನಹುಳು ಬರುತ್ತದೆ, ರಾತ್ರಿ ಒಮ್ಮೆ ಟಾರ್ಚ್ ಹಿಡಿದು ನೋಡಿ ಹೆಕ್ಕಿಬಿಡಿ.

ಮೊಗ್ಗು ಮೊದಲು ಹಸಿರು, ಆಮೇಲೆ ನೀಲಿ ಬಣ್ಣ ತಿರುಗಿ ಪುಗ್ಗೆಯ ಹಾಗೆ ಉಬ್ಬುತ್ತದೆ. ಐದು ಅಂಚು ಒಂದಕ್ಕೊಂದು ಅಂಟಿ ಸಣ್ಣ ಗೆರೆ ಕಾಣುತ್ತದೆ. ಆ ಗೆರೆ ಬಿಟ್ಟಾಗ ನಕ್ಷತ್ರ. ಪುಟ್ಟಿಗೆ ಪಟ್ ಅಂತ ಒಡೆಯುವ ಆಸೆ ಬರುತ್ತದೆ, ಒಂದೆರಡು ಒಡೆಯಲಿ, ಉಳಿದದ್ದು ತಾನೇ ಅರಳಲಿ. ಬಾಡಿದ ಹೂವನ್ನು ಮಾತ್ರ ಚಿವುಟಿ, ಕಡ್ಡಿ ಕತ್ತರಿಸಬೇಡಿ, ಪಕ್ಕದ ಮೊಗ್ಗು ಅದರಲ್ಲೇ ಇರುತ್ತದೆ.

ನನ್ನ ಹತ್ತಿರ ಬೀಜ ಇದೆ, ಶಿವರಾತ್ರಿಗೆ ಸಾಗರಕ್ಕೆ ಬರುವಾಗ ತರುತ್ತೇನೆ. ಮಣ್ಣು ಮುಚ್ಚದೆ ಮೇಲೆಯೇ ಉದುರಿಸಬೇಕು, ಮೊಳೆಯಲು ಬೆಳಕು ಬೇಕು. ಹೂವು ಹೆಚ್ಚಾಗಿ ಎರಡನೇ ವರ್ಷ. ಸೇವಂತಿಗೆಗೆ ಬೇರೆ ಕುಂಡ ಅಣ್ಣನ ಹತ್ತಿರ ತರಿಸಿ.