ಐಸಿಯುನಲ್ಲಿರುವ ಮಗುವಿನ ಕಣ್ಣಿನ ಸ್ವಾಬ್: ಮೊದಲು 'ನೋ ಗ್ರೋತ್', ಈಗ ಸ್ಯೂಡೊಮೊನಾಸ್. ಇದು ಹೇಗೆ?

ಡೊಂಬಿವಲಿ ಅಮ್ಮ:
ಒಂಬತ್ತು ತಿಂಗಳ ಮಗಳು ನ್ಯುಮೋನಿಯಾ ಆಗಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ವೆಂಟಿಲೇಟರ್ ಮೇಲಿದ್ದಾಳೆ. ಎಡಗಣ್ಣಲ್ಲಿ ಹಸಿರು ಕೀವು, ರೆಪ್ಪೆ ಊದಿ ಅಂಟಿಕೊಂಡಿದೆ. ಕ್ಲೋರಾಂಫೆನಿಕಾಲ್ ಡ್ರಾಪ್ಸ್ ಶುರುಮಾಡಿದ ಮೇಲೆ ಸ್ವಾಬ್ ತೆಗೆದರು, 'ನೋ ಗ್ರೋತ್' (ಏನೂ ಬೆಳೆದಿಲ್ಲ) ಅಂತ ಬಂತು. ಕಡಿಮೆಯಾಗಲಿಲ್ಲ ಅಂತ ಮತ್ತೆ ತೆಗೆದದ್ದರಲ್ಲಿ ಸ್ಯೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಅಂತೆ. ಅದು ಯಾವ ಔಷಧಕ್ಕೆ ಬಗ್ಗುತ್ತದೆ ಅನ್ನುವ ಸೆನ್ಸಿಟಿವಿಟಿ ರಿಪೋರ್ಟ್ ಇನ್ನೂ ಬರಬೇಕು. ಮೊದಲ ರಿಪೋರ್ಟ್ ತಪ್ಪೇ? ನಮ್ಮ ಮನೆಯಲ್ಲಿ ಯಾರಿಗೂ ಕಣ್ಣುಬೇನೆ ಇಲ್ಲ, ಇದು ಎಲ್ಲಿಂದ ಬಂತು?

ಪುಣೆ ಲ್ಯಾಬ್‌ನವ:
ಅಕ್ಕಾರ, ನಾ ಪುಣೆದಾಗ ಮೈಕ್ರೋಬಯಾಲಜಿ ಲ್ಯಾಬಿನ್ಯಾಗ ಇರ್ತೀನಿ, ಊರು ಧಾರವಾಡ. ಮೊದಲಿನ ರಿಪೋರ್ಟ್ ಸುಳ್ಳು ಅನ್ನಾಕ ಬರೂದಿಲ್ರಿ. ಡ್ರಾಪ್ಸ್ ಬಿಟ್ಟ ಮ್ಯಾಲೆ ತಗೊಂಡ ಸ್ವಾಬಿನ್ಯಾಗ ಔಷಧಾನೂ ಬಂದಿರ್ತದ, ಬ್ಯಾಕ್ಟೀರಿಯಾ ಬೆಳೆಸೂ ಲ್ಯಾಬಿನ ಪ್ಲೇಟ್ ಮ್ಯಾಲೆ ಅವು ಏಳೂದು ಕಷ್ಟ. ಒಣಗಿದ ಗೀಜು ಒರೆಸಿ ಕಳಿಸಿದ್ರೂ ಉಪಯೋಗಿಲ್ಲ, ಕೆಳರೆಪ್ಪಿ ಜಗ್ಗಿ ಒಳಗಿಂದ ತಗೀಬೇಕು. ವಾರ್ಡಿಗೆ ಇದನ್ನ ಹೇಳಿ ಹೇಳಿ ನಮಗ ಸಾಕಾಗೇದ. ಇನ್ನೊಂದು, ಕ್ಲೋರಾಂಫೆನಿಕಾಲಿಗೆ ಸ್ಯೂಡೊಮೊನಾಸ್ ಬಗ್ಗೂದಿಲ್ಲ. ಉಳಿದವು ಸತ್ತು ಇದು ಎದ್ದಿರಬೇಕು, ಇಲ್ಲಾ ಆಮ್ಯಾಲೆ ಬಂದು ಸೇರಿರಬೇಕು.

ಗುರುತು ಹಿಡಿಯೂದು ಹೆಂಗಂದ್ರ, ಗ್ರಾಂ ಬಣ್ಣ ಹಾಕಿದ ಸ್ಲೈಡಿನ್ಯಾಗ ಸ್ಯೂಡೊಮೊನಾಸ್ ಗುಲಾಬಿ ಕಡ್ಡಿಯಂಗ ಕಾಣ್ತಾವ. ಸ್ಟ್ಯಾಫಿಲೋಕಾಕಸ್ ಅನ್ನೂ ಬ್ಯಾಕ್ಟೀರಿಯಾ ಇದ್ರ ನೇರಳೆ ಗುಂಡು, ಗೊಂಚಲು ಗೊಂಚಲು. ಮ್ಯಾಕಾಂಕಿ ಅನ್ನೂ ಪ್ಲೇಟಿನ್ಯಾಗ ಒಂದು ರಾತ್ರಿ 37 ಡಿಗ್ರಿದಾಗ ಇಟ್ರ ಕ್ಲೆಬ್ಸಿಯೆಲ್ಲಾ ಅನ್ನೂ ಇನ್ನೊಂದು ಬ್ಯಾಕ್ಟೀರಿಯಾ ಗುಲಾಬಿ ಲೋಳಿಯಂಗ ಏಳ್ತದ, ಸ್ಯೂಡೊಮೊನಾಸಿಗೆ ಆ ಗುಲಾಬಿ ಬಣ್ಣ ಬರೂದಿಲ್ಲ. ಸೆನ್ಸಿಟಿವಿಟಿ ಪ್ಲೇಟಿನ್ಯಾಗ ಮಾತ್ರ ಸುತ್ತಲೂ ಹಸಿರು ಇಳಿಸಿರ್ತದ, ಮುಚ್ಚಳ ಎತ್ತಿದ್ರ ಹಣ್ಣಾದ ದ್ರಾಕ್ಷಿ ವಾಸನಿ. ಮೂಸಬಾರದು ಅಂತ ನಿಯಮ ಅದ, ಮೂಗು ಕೇಳಬೇಕಲ್ಲ! ಆಕ್ಸಿಡೇಸ್ ಅನ್ನೂ ಎಂಜೈಮಿನ ಪರೀಕ್ಷೆಗೆ ಕಾಗದ ಸೆಕೆಂಡುಗಳಾಗ ನೇರಳೆ ಆಗ್ತದ. ಯಾವ ಔಷಧ ನಡೀತದ ಅಂತ ಹೇಳಾಕ ಔಷಧ ಹಚ್ಚಿದ ಬಿಲ್ಲೆ ಇಟ್ಟು ಇನ್ನೊಂದು ರಾತ್ರಿ ಕಾಯಬೇಕು, ಅದಕ್ಕ ಒಟ್ಟು 48ರಿಂದ 72 ತಾಸು ಹಿಡೀತದ.

ಬರೇ ಸ್ಟ್ಯಾಫಿಲೋಕಾಕಸ್ ಎಪಿಡರ್ಮಿಡಿಸ್ ಬಂದಿದ್ರ ನಾ ಇಷ್ಟು ಬರೀತಿದ್ದಿಲ್ಲ, ಅದು ಚರ್ಮದ ಮ್ಯಾಲೆ ಎಲ್ಲರಿಗೂ ಇರೂದ. ಸ್ಯೂಡೊಮೊನಾಸ್ ಹಂಗಲ್ಲ, ಕಾರ್ನಿಯಾಕ್ಕ (ಕಣ್ಣಿನ ಮುಂದಿನ ಪಾರದರ್ಶಕ ಪದರಕ್ಕ) ಹತ್ತಿದ್ರ ಒಂದೆರಡು ದಿನದಾಗ ಕೊರೆದು ಹಾಕ್ತದ. ಪೂರ್ತಿ ರಿಪೋರ್ಟಿಗೆ ಕಾಯಬ್ಯಾಡ್ರಿ. ಕಣ್ಣಿನ ಡಾಕ್ಟರನ್ನ ಇವತ್ತ ಕರಸ್ರಿ.

ಉಡುಪಿ ಸಿಸ್ಟರ್:
ನಾನು ಮುಂಬೈಯಲ್ಲೇ ಮಕ್ಕಳ ಐಸಿಯುನಲ್ಲಿ ನರ್ಸ್. ಎಲ್ಲಿಂದ ಬಂತು ಅಂತ ಮನೆಯಲ್ಲಿ ಹುಡುಕಬೇಡಿ ಮಾರಾಯ್ರೆ. ನಿದ್ದೆಯ ಮದ್ದಲ್ಲಿರುವ ಮಕ್ಕಳ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ, ಕಣ್ಣು ಒಣಗ್ತದೆ. ಟ್ಯೂಬಿನಿಂದ ಕಫ ಎಳೆದ ಕ್ಯಾಥೆಟರ್ ಎಂಬ ತೆಳು ನಳಿಕೆಯನ್ನು ಮುಖದ ಮೇಲಿಂದ ತೆಗೆದರೆ ಹನಿ ಕಣ್ಣಿಗೇ ಬೀಳುವುದುಂಟು. ಅದಕ್ಕೇ ನಾವು ಸಕ್ಷನ್ ಮಾಡುವಾಗ ಕಣ್ಣು ಮುಚ್ಚಿಟ್ಟು, ಪಕ್ಕಕ್ಕೆ ತೆಗೆಯುವುದು. ಕಫದ ಕಲ್ಚರ್ (ಲ್ಯಾಬಲ್ಲಿ ಬೆಳೆಸಿ ನೋಡುವುದು) ಆಗಿದೆಯಾ, ಅದರಲ್ಲೂ ಇದೇ ಬಂದಿದೆಯಾ ಅಂತ ಕೇಳಿ. ಜೋರು ಮಾಡ್ಬೇಡಿ, ಹೀಗೇ ಮೆಲ್ಲ ಕೇಳಿದರೆ ಹೇಳ್ತಾರೆ.

ಡೊಂಬಿವಲಿ ಅಮ್ಮ:
ಕೇಳಿದೆ ಸಿಸ್ಟರ್, ಕಫದಲ್ಲೂ ಸ್ಯೂಡೊಮೊನಾಸೇ ಇದೆಯಂತೆ. ಸಂಜೆ ಕಣ್ಣಿನ ಡಾಕ್ಟರು ಹಳದಿ ಬಣ್ಣ ಹಾಕಿ ನೀಲಿ ಬೆಳಕಲ್ಲಿ ನೋಡಿದರು. ಕಾರ್ನಿಯಾದಲ್ಲಿ ಹುಣ್ಣಿಲ್ಲ. ಡ್ರಾಪ್ಸ್ ಬದಲಾಯಿಸಿ ಟೋಬ್ರಾಮೈಸಿನ್ ಬರೆದಿದ್ದಾರೆ, ನಾಳೆ ಮತ್ತೆ ನೋಡುತ್ತಾರಂತೆ. ಲ್ಯಾಬಿನವರೇ, ಸೆನ್ಸಿಟಿವಿಟಿಯಲ್ಲಿ ಅದಕ್ಕೆ 'ಆರ್' (ರೆಸಿಸ್ಟೆಂಟ್, ಅಂದರೆ ಆ ಔಷಧಕ್ಕೆ ಬಗ್ಗುವುದಿಲ್ಲ) ಅಂತ ಬಂದರೆ ಮತ್ತೆ ಬದಲಾಯಿಸಬೇಕಾ?

ಪುಣೆ ಲ್ಯಾಬ್‌ನವ:
ಅದು ಕಣ್ಣು ನೋಡಿದವರು ಹೇಳಬೇಕ್ರಿ. ಆ ಬಿಲ್ಲೆ ಲೆಕ್ಕ ರಕ್ತದಾಗ ಔಷಧ ಎಷ್ಟು ಇರ್ತದ ಅನ್ನೂದರ ಮ್ಯಾಲೆ ಮಾಡಿದ್ದು. ಡ್ರಾಪ್ಸ್ ಬಿಟ್ರ ಕಣ್ಣಾಗ ಅದಕ್ಕಿಂತ ಭಾಳ ಹೆಚ್ಚು ಸೇರ್ತದ. 'ಆರ್' ಬಂದ್ರೂ ಕಣ್ಣಿನ ಬಾವು ಇಳೀತಿದ್ರ ಕೆಲವರು ಅದನ್ನ ಮುಂದುವರಸ್ತಾರ.