ತಮ್ಮನ ಮೇಲೆ ಎನ್‌ಡಿಪಿಎಸ್ (ಮಾದಕ ವಸ್ತು ಕಾಯ್ದೆ) ಕೇಸು: 11 ಗ್ರಾಂ, ಕವರ್ ಸೇರಿ

ಪ್ರಶ್ನೆ (ಹೆಸರು ಬೇಡ ಎಂದ ಸದಸ್ಯರು):
ಮೇಡಂ, ನನ್ನ ತಮ್ಮನಿಗೆ 22 ವರ್ಷ. ಸ್ನೇಹಿತರ ಜೊತೆ ಕಾರಿನಲ್ಲಿ ಹೋಗುವಾಗ ಪೊಲೀಸರು ತಡೆದಿದ್ದಾರೆ. ಹಿಂದಿನ ಸೀಟಿನ ಬ್ಯಾಗಿನಲ್ಲಿ ಎಂಡಿಎಂಎ (ಒಂದು ಮಾದಕ ವಸ್ತು) ಮಾತ್ರೆ ಸಿಕ್ಕಿದೆ. ಮಾರಾಟಕ್ಕೆ ಇಟ್ಟಿದ್ದರು ಅನ್ನೋದು ಆರೋಪ. ಮಹಜರಿನಲ್ಲಿ ‘11 ಗ್ರಾಂ, ಪ್ಲಾಸ್ಟಿಕ್ ಕವರ್ ಸೇರಿ’ ಎಂದಿದೆ. ತಮ್ಮ ಎ3 (ಮೂರನೇ ಆರೋಪಿ). ಅವನ ಜೇಬಿನಲ್ಲಿ ಏನೂ ಸಿಕ್ಕಿಲ್ಲ. ಗೆಜೆಟೆಡ್ ಅಧಿಕಾರಿಯ ಎದುರು ಶೋಧ ಮಾಡಿಲ್ಲ, ಕೇಸ್ ನಿಲ್ಲಲ್ಲ ಅಂತ ಪರಿಚಯದವರು ಹೇಳ್ತಿದ್ದಾರೆ. ನಿಜವಾ? ಜಾಮೀನು ಯಾವಾಗ ಸಿಗಬಹುದು?

ಉತ್ತರ (ವಕೀಲರು):
ಮೊದಲು ಆ ಪರಿಚಯದವರ ಮಾತು ಬದಿಗಿಡಿ. ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರು ಶೋಧ ಮಾಡಿಸಿಕೊಳ್ಳುವ ಹಕ್ಕು ಎನ್‌ಡಿಪಿಎಸ್ ಕಾಯ್ದೆಯ ಕಲಂ 50ರಲ್ಲಿದೆ. ಆದರೆ ಅದು ಮೈಮೇಲಿನ ಶೋಧಕ್ಕೆ ಮಾತ್ರ. ಬ್ಯಾಗು, ಕಾರಿಗೆ ಅನ್ವಯಿಸಲ್ಲ ಎಂದು ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. ನಿಮ್ಮ ಕೇಸಿನಲ್ಲಿ ಮಾಲು ಸಿಕ್ಕಿದ್ದು ಬ್ಯಾಗಿನಲ್ಲಿ. ಆ ಒಂದನ್ನೇ ನಂಬಿ ಕೂರಬೇಡಿ.

ನನ್ನ ಕಣ್ಣು ಹೋಗಿದ್ದು ‘ಕವರ್ ಸೇರಿ’ ಅನ್ನೋ ಪದದ ಮೇಲೆ. ಎಂಡಿಎಂಎಗೆ ಗೆರೆ ಇರೋದು 10 ಗ್ರಾಂಗೆ. ಅದಕ್ಕಿಂತ ಜಾಸ್ತಿ ಇದ್ದರೆ ಕಮರ್ಷಿಯಲ್ ಪ್ರಮಾಣ: ಕನಿಷ್ಠ 10, ಗರಿಷ್ಠ 20 ವರ್ಷ ಕಠಿಣ ಶಿಕ್ಷೆ, 1ರಿಂದ 2 ಲಕ್ಷ ದಂಡ. ಅದರೊಳಗಿದ್ದರೆ ಗರಿಷ್ಠ 10 ವರ್ಷ, ಕನಿಷ್ಠ ಅನ್ನೋದೇ ಇಲ್ಲ. ಕವರಿನ ತೂಕ ಕಳೆದರೆ ಎಷ್ಟು ಉಳಿಯುತ್ತೆ? ಇಡೀ ಕೇಸಿನ ದಿಕ್ಕು ಇದರ ಮೇಲಿದೆ. ಮಾತ್ರೆ ಮಾತ್ರ ತೂಗಿದ್ದಾರಾ, ಯಾವ ತಕ್ಕಡಿ, ಮ್ಯಾಜಿಸ್ಟ್ರೇಟ್ ಎದುರು ಸ್ಯಾಂಪಲ್ ತೆಗೆದಾಗ (ಕಲಂ 52ಎ) ಎಷ್ಟು ಬಂತು, ಎಫ್‌ಎಸ್‌ಎಲ್‌ಗೆ (ವಿಧಿವಿಜ್ಞಾನ ಪ್ರಯೋಗಾಲಯಕ್ಕೆ) ಹೋದಾಗ ಸೀಲ್ ಹಾಗೇ ಇತ್ತಾ, ಎಲ್ಲ ದಾಖಲೆ ಜೋಡಿಸಿ ನೋಡಬೇಕು. ಒಂದು ಎಚ್ಚರಿಕೆ: ‘ಮಾತ್ರೆಯಲ್ಲಿ ಬೇರೆ ಪುಡಿಯೂ ಇರುತ್ತೆ, ಅದನ್ನ ಕಳೀರಿ’ ಅನ್ನೋ ವಾದ ಈಗ ನಡೆಯಲ್ಲ. 2020ರ ಹೀರಾ ಸಿಂಗ್ ತೀರ್ಪಿನ ನಂತರ ಮಿಶ್ರಣದ ಪೂರ್ತಿ ತೂಕವೇ ಲೆಕ್ಕ. ಕವರ್ ಬೇರೆ, ಪುಡಿ ಬೇರೆ.

ಜಾಮೀನು. ಕಮರ್ಷಿಯಲ್ ಆದರೆ ಕಲಂ 37 ಅಡ್ಡ ಬರುತ್ತೆ. ಪಿಪಿ (ಸರ್ಕಾರಿ ವಕೀಲರು) ವಿರೋಧಿಸಿದರೆ, ಆರೋಪಿ ತಪ್ಪಿತಸ್ಥ ಅಲ್ಲ ಎಂದು ನಂಬಲು ಕಾರಣ ಇದೆ, ಹೊರಗೆ ಬಂದರೆ ಮತ್ತೆ ಅಪರಾಧ ಮಾಡಲ್ಲ ಎಂದು ನ್ಯಾಯಾಧೀಶರಿಗೆ ಮನವರಿಕೆ ಆಗಬೇಕು. ಕಷ್ಟ, ಆದರೆ ಆಗದ್ದಲ್ಲ. ಎ3ಗೆ ಬ್ಯಾಗಿನಲ್ಲಿ ಏನಿದೆ ಅಂತ ಗೊತ್ತಿತ್ತು ಅನ್ನೋದಕ್ಕೆ ಏನು ಆಧಾರ, ಅದನ್ನೇ ಹಿಡಿಯಬೇಕು. ವಿಚಾರಣೆ ವರ್ಷಗಟ್ಟಲೆ ಎಳೆದರೆ ಆ ಕಾರಣಕ್ಕೂ ಸುಪ್ರೀಂ ಕೋರ್ಟ್ 2023ರಲ್ಲಿ ಜಾಮೀನು ಕೊಟ್ಟಿದೆ.

ಇನ್ನೊಂದು ದಾರಿ, ಇದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕಮರ್ಷಿಯಲ್ ಕೇಸಿನಲ್ಲಿ ಮೊದಲ ರಿಮಾಂಡ್‌ನಿಂದ (ಕೋರ್ಟ್ ಮೊದಲ ಸಲ ಕಸ್ಟಡಿಗೆ ಕಳಿಸಿದ ದಿನದಿಂದ) 180 ದಿನದೊಳಗೆ ಚಾರ್ಜ್‌ಶೀಟ್ ಹಾಕದಿದ್ದರೆ, ಕೋರ್ಟ್ ಸಮಯ ವಿಸ್ತರಿಸದಿದ್ದರೆ, ಡಿಫಾಲ್ಟ್ ಜಾಮೀನು ಹಕ್ಕು. ಆಗ ಕಲಂ 37 ಅಡ್ಡ ಬರಲ್ಲ. ಆದರೆ ಚಾರ್ಜ್‌ಶೀಟ್ ಬರುವ ಮುಂಚೆಯೇ ಅರ್ಜಿ ಹಾಕಬೇಕು.

ಮರುಪ್ರಶ್ನೆ (ಅದೇ ಸದಸ್ಯರು):
ತುಂಬಾ ಥ್ಯಾಂಕ್ಸ್ ಮೇಡಂ. ‘ನಾವು ಮಾರಿದ್ದು ನಿಜ’ ಅಂತ ಠಾಣೆಯಲ್ಲಿ ತಮ್ಮನ ಸಹಿ ತಗೊಂಡಿದ್ದಾರಂತೆ. ಎ1 ಕೂಡ ಇವನ ಹೆಸರು ಹೇಳಿದ್ದಾನೆ. ಎಲ್ಲ ಮುಗೀತಾ?

ಉತ್ತರ:
ಮುಗಿದಿಲ್ಲ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಾಗಲ್ಲ. ಬೇರೆ ಇಲಾಖೆಯ ಎನ್‌ಡಿಪಿಎಸ್ ಅಧಿಕಾರಿಗಳಿಗೂ ಇದೇ ನಿಯಮ ಅಂತ 2020ರ ತೂಫಾನ್ ಸಿಂಗ್ ತೀರ್ಪು ಹೇಳಿದೆ. ಆದರೆ ಫೋನಿನ ಮೆಸೇಜು, ಹಣ ವರ್ಗಾವಣೆ ಸಿಕ್ಕರೆ ಅದು ಬೇರೆ ಲೆಕ್ಕ. ಮಾರಾಟದ ಆರೋಪವನ್ನು ಸಾಮಾನ್ಯವಾಗಿ ಕಟ್ಟೋದೇ ಅದರಿಂದ. ಅವನ ಖಾತೆಗೆ ಬಂದ ದುಡ್ಡು ಬಾಡಿಗೆ ಹಂಚಿಕೊಂಡಿದ್ದಾ, ಸಾಲ ವಾಪಸ್ಸಾ, ಇದನ್ನೆಲ್ಲ ಇಲ್ಲಿ ಬರೀಬೇಡಿ. ನಿಮ್ಮ ವಕೀಲರಿಗೆ ಮಾತ್ರ ಹೇಳಿ, ಮುಚ್ಚಿಡದೆ ಹೇಳಿ.

ಇನ್ನೊಬ್ಬ ಸದಸ್ಯರು:
ಅಕ್ಕಾ, ಮಧ್ಯದಲ್ಲಿ ಕೇಳ್ತೀನಿ. ಮನೆಯಲ್ಲಿರೋ ಅವನ ಹಳೇ ಫೋನು, ಚಾಟ್ ಅಳಿಸಿಬಿಟ್ರೆ ಸೇಫ್ ಅಲ್ವಾ?

ಉತ್ತರ:
ಖಂಡಿತ ಬೇಡ. ಅಳಿಸಿದ್ದನ್ನು ಲ್ಯಾಬಿನಲ್ಲಿ ಎಷ್ಟೋ ಸಲ ವಾಪಸ್ ತೆಗೆಯುತ್ತಾರೆ. ಸಾಕ್ಷ್ಯ ನಾಶ ಬೇರೆಯದೇ ಅಪರಾಧ, ಅಳಿಸಿದವರ ಮೇಲೆ ಬರುತ್ತೆ. ತಮ್ಮನ ಪರ ಇರೋ ಮೆಸೇಜೂ ಅದರಲ್ಲೇ ಇರಬಹುದು. ಹಾಗೇ, ‘ಇಷ್ಟು ಕೊಡಿ, ಒಳಗಿಂದ ಸೆಟಲ್ ಮಾಡ್ತೀನಿ’ ಅಂತ ಬರೋರಿಗೆ ಒಂದು ರೂಪಾಯಿಯೂ ಕೊಡಬೇಡಿ.

ಪ್ರಶ್ನೆ ಕೇಳಿದವರೇ, ವಕೀಲರಿಗೆ ದುಡ್ಡಿಲ್ಲ ಅಂದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಕಸ್ಟಡಿಯಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಈ ವಾರವೇ ಎಫ್‌ಐಆರ್, ಮಹಜರು, ರಿಮಾಂಡ್ ಅರ್ಜಿಯ ಪ್ರತಿ ತೆಗೆದಿಟ್ಟುಕೊಳ್ಳಿ.